ವೈರಸ್ ಹೊಕ್ಕ ಮನೆಯ ಕಂಪ್ಯೂಟರಿಗೆ ವಿಂಡೋಸ್‌ ಜೊತೆಗೇ ಬರುವ ಡಿಫೆಂಡರ್ ಸಾಕೇ?

ವೈರಸ್ ಬರದಂತೆ ತಡೆಯುವುದು ಒಂದು ಕೆಲಸ, ಬಂದು ಕುಳಿತ ವೈರಸನ್ನು ಹೊರಹಾಕುವುದು ಇನ್ನೊಂದು ಕೆಲಸ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಮೈಕ್ರೋಸಾಫ್ಟ್ ಡಿಫೆಂಡರ್ ಕುರಿತು ಬರೆಯುವವರಲ್ಲಿ ಹೆಚ್ಚಿನವರು ಮೊದಲನೆಯ ಕೆಲಸವನ್ನೇ ನೋಡಿ ಅಂಕ ಕೊಡುತ್ತಾರೆ. ನಾನು ಇಲ್ಲಿ ಎರಡನೆಯದನ್ನು ಮಾತ್ರ ನೋಡಿದ್ದೇನೆ. ಈಗಾಗಲೇ ಕೆಟ್ಟಿರುವ ಮನೆಯ ಕಂಪ್ಯೂಟರನ್ನು, ಒಳಗಿರುವ ಲೆಕ್ಕಪತ್ರ ಮತ್ತು ಫೋಟೋಗಳನ್ನು ಕಳೆದುಕೊಳ್ಳದೆ, ಈ ಉಚಿತ ತಂತ್ರಾಂಶದಿಂದ ಸರಿಪಡಿಸಬಹುದೇ ಎಂಬುದು ನನ್ನ ಪ್ರಶ್ನೆ. ಬಹುಪಾಲು ಮನೆಗಳಲ್ಲಿ ಸರಿಪಡಿಸಬಹುದು ಎಂಬುದು ನನ್ನ ಉತ್ತರ. ಆದರೆ ಅದಕ್ಕೆ ಕಾಣದ ಕೆಲವು ಜಾಗಗಳಿವೆ, ಅದು ಮಾಡದ ಕೆಲವು ಕೆಲಸಗಳಿವೆ. ಅವನ್ನು ತಿಳಿಯದೆ ಅದು ತೋರಿಸುವ ಹಸಿರು ಟಿಕ್ ಗುರುತೊಂದನ್ನೇ ನಂಬಿದರೆ ಮನೆಯವರಿಗೆ ಹಾನಿ ತಪ್ಪುವುದಿಲ್ಲ.

ನಾನು ಪರಿಶೀಲಿಸಿದ್ದು ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಅಕ್ಕನ ಮನೆಯ ಕಂಪ್ಯೂಟರನ್ನು. ಅಕ್ಕನ ಯಜಮಾನರದು ಇಳಕಲ್ ಸೀರೆ ಮತ್ತು ಗುಳೇದಗುಡ್ಡ ಖಣದ ವ್ಯಾಪಾರ. ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವುದೂ ಅದೇ ಯಂತ್ರದಿಂದ. ಮಗಳು 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಬರಹಗಳು, ಮಗನ ಕಾಲೇಜಿನ ಪ್ರಾಜೆಕ್ಟ್, ಮನೆಯ ಮದುವೆಗಳ ಫೋಟೋ, ಎಲ್ಲವೂ ಅದೇ ಹಾರ್ಡ್ ಡಿಸ್ಕಿನಲ್ಲಿವೆ. ನಮ್ಮ ಕಡೆಯ ಊರುಗಳಲ್ಲಿ ಮನೆಯ ಕಂಪ್ಯೂಟರ್ ಎಂದರೆ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. ಮನೆ, ಅಂಗಡಿ, ಶಾಲೆ ಮೂರೂ ಒಂದೇ ಪೆಟ್ಟಿಗೆಯಲ್ಲಿ ಸೇರಿಕೊಂಡಿರುತ್ತವೆ. ಆದ್ದರಿಂದ ವೈರಸ್ ತೆಗೆಯುವ ಯಾವ ವಿಧಾನವನ್ನಾದರೂ ಅದು ವೈರಸನ್ನು ಕೊಂದಿತೇ ಎಂಬುದರ ಜೊತೆಗೆ ಉಳಿದದ್ದನ್ನು ಉಳಿಸಿತೇ ಎಂಬುದರಿಂದಲೂ ಅಳೆಯಬೇಕಾಗುತ್ತದೆ.

ರೋಗ ಎರಡು ದಾರಿಗಳಿಂದ ಬಂದಿತ್ತು. ಒಂದು, ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವ್. ಅರ್ಜಿ ತುಂಬುವ ಕಾಲದಲ್ಲಿ ನೂರಾರು ಜನರ ಪೆನ್ ಡ್ರೈವ್‌ಗಳು ಒಂದೇ ಯಂತ್ರಕ್ಕೆ ಚುಚ್ಚಲ್ಪಡುವುದರಿಂದ ಅಲ್ಲಿ ಒಂದಕ್ಕೆ ಅಂಟಿದ್ದು ಎಲ್ಲಕ್ಕೂ ಅಂಟುತ್ತದೆ. ಮೊದಲು ಪೆನ್ ಡ್ರೈವ್ ಚುಚ್ಚಿದ ಕೂಡಲೇ ವೈರಸ್ ತಾನಾಗಿ ಚಾಲೂ ಆಗುತ್ತಿತ್ತು. 2011ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಯುಎಸ್‌ಬಿಗಳ ಆಟೋರನ್ ನಿಲ್ಲಿಸಿದ ಮೇಲೆ ಅದಕ್ಕೆ ನಮ್ಮ ಕೈಯ ಒಂದು ಕ್ಲಿಕ್ ಬೇಕಾಯಿತು. ಆ ಕ್ಲಿಕ್ಕನ್ನು ಪಡೆಯಲು ಅದು ಮಾಡುವ ಉಪಾಯ ಬಹಳ ಸರಳವಾದದ್ದು. ನಿಮ್ಮ ಫೋಲ್ಡರುಗಳನ್ನೆಲ್ಲ ಕಾಣದಂತೆ ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಆ ಜಾಗದಲ್ಲಿ ಇಡುತ್ತದೆ. ನೀವು ಒತ್ತಿದಾಗ ಫೋಲ್ಡರ್ ತೆರೆಯುತ್ತದೆ, ಆದ್ದರಿಂದ ಯಾವ ಸಂಶಯವೂ ಬರುವುದಿಲ್ಲ. ಅದೇ ಕ್ಷಣದಲ್ಲಿ ಹಿಂದಿನಿಂದ ಒಂದು ಸ್ಕ್ರಿಪ್ಟ್, ಅಂದರೆ ಆದೇಶಗಳ ಸಣ್ಣ ಕಡತ, ಓಡಿ ಕಂಪ್ಯೂಟರಿನೊಳಗೆ ತನ್ನ ಪ್ರತಿಯನ್ನು ಬಿಟ್ಟುಕೊಳ್ಳುತ್ತದೆ. ಮುಂದೆ ಆ ಯಂತ್ರಕ್ಕೆ ಚುಚ್ಚುವ ಪ್ರತಿ ಪೆನ್ ಡ್ರೈವಿಗೂ ಇದೇ ಗತಿ.

ಎರಡನೆಯ ದಾರಿ ಇದಕ್ಕಿಂತ ಗಂಭೀರವಾದದ್ದು. ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವರು ಪರವಾನಗಿ ಇಲ್ಲದ ವಿಂಡೋಸ್ ಹಾಕಿ, ಅದನ್ನು ಆಕ್ಟಿವೇಟ್ ಮಾಡಲು ಒಂದು ಕಳ್ಳ ತಂತ್ರಾಂಶವನ್ನು ಬಳಸಿದ್ದರು. ಇಂತಹವನ್ನು ಡಿಫೆಂಡರ್ 'ಹ್ಯಾಕ್‌ಟೂಲ್' ಎಂಬ ಹೆಸರಿನಡಿ ಗುರುತಿಸಿ ತಡೆಯುತ್ತದೆ. ಅದು ತಡೆಯದಂತೆ ಮಾಡಲು ಹಾಕಿದವರು ಅನುಸರಿಸುವ ಮಾರ್ಗವೇ ಈ ವಿಮರ್ಶೆಯಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಸಂಗತಿ.

ಡಿಫೆಂಡರಿನಲ್ಲಿ 'ಎಕ್ಸ್‌ಕ್ಲೂಷನ್ಸ್' ಎಂಬ ಒಂದು ಪಟ್ಟಿ ಇದೆ. ಅದರಲ್ಲಿ ಬರೆದ ಫೋಲ್ಡರನ್ನು ಅದು ತೆರೆದು ನೋಡುವುದಿಲ್ಲ. ದೊಡ್ಡ ಕಚೇರಿಗಳಲ್ಲಿ, ತಂತ್ರಾಂಶ ಬರೆಯುವವರಿಗೆ ಇದರಿಂದ ಉಪಯೋಗವಿದೆ. ಮನೆಯ ಕಂಪ್ಯೂಟರಿಗೆ ಸಾಮಾನ್ಯವಾಗಿ ಇದರ ಅಗತ್ಯವೇ ಇರುವುದಿಲ್ಲ. ಆದರೆ ಅಕ್ಕನ ಮನೆಯ ಯಂತ್ರದಲ್ಲಿ ಇಡೀ ಸಿ ಡ್ರೈವ್ ಆ ಪಟ್ಟಿಯಲ್ಲಿತ್ತು. ಹಾಗಾಗಿ ಎಷ್ಟು ಸಲ ಸ್ಕ್ಯಾನ್ ಒತ್ತಿದರೂ ಯಾವ ಅಪಾಯವೂ ಇಲ್ಲ ಎಂಬ ಉತ್ತರವೇ ಬರುತ್ತಿತ್ತು, ಮನೆಯವರು ಅದನ್ನೇ ನಂಬಿದ್ದರು. ಅಂಗಡಿಯವರು ಸೇರಿಸದಿದ್ದರೂ ಇಂದಿನ ಅನೇಕ ಮಾಲ್‌ವೇರ್‌ಗಳು (ಹಾನಿ ಮಾಡುವ ತಂತ್ರಾಂಶಗಳು) ಯಂತ್ರದ ಮೇಲೆ ಅಡ್ಮಿನ್ ಅಧಿಕಾರ ಸಿಕ್ಕ ಕೂಡಲೇ ತಾವಿರುವ ಜಾಗವನ್ನು ತಾವೇ ಈ ಪಟ್ಟಿಗೆ ಸೇರಿಸಿಕೊಳ್ಳುತ್ತವೆ. ಆದ್ದರಿಂದ ಸ್ಕ್ಯಾನ್ ಮಾಡುವುದಕ್ಕಿಂತ ಮೊದಲು ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು, 'ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್' ವಿಭಾಗದ 'ಮ್ಯಾನೇಜ್ ಸೆಟ್ಟಿಂಗ್ಸ್' ಒತ್ತಿ, ಪುಟದ ಕೆಳತುದಿಯಲ್ಲಿರುವ ಈ ಪಟ್ಟಿಯನ್ನು ನೋಡಲೇಬೇಕು. ನಿಮಗೆ ಗೊತ್ತಿಲ್ಲದ ಏನೇ ಇದ್ದರೂ ತೆಗೆದುಹಾಕಬೇಕು. ಅದೇ ಪುಟದಲ್ಲಿ, ಬೇರೆ ತಂತ್ರಾಂಶಗಳು ಡಿಫೆಂಡರಿನ ಸೆಟ್ಟಿಂಗ್ ಬದಲಿಸದಂತೆ ತಡೆಯುವ 'ಟ್ಯಾಂಪರ್ ಪ್ರೊಟೆಕ್ಷನ್' ಆನ್ ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಇಷ್ಟು ಮುಖ್ಯವಾದ ಪಟ್ಟಿಯನ್ನು ಮೈಕ್ರೋಸಾಫ್ಟ್ ಅಷ್ಟು ಒಳಗೆ ಇಟ್ಟಿರುವುದು ಈ ತಂತ್ರಾಂಶದ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಇಡೀ ಡ್ರೈವನ್ನೇ ಹೊರಗಿಟ್ಟಿರುವ ಕಂಪ್ಯೂಟರಿನಲ್ಲಿ ಮೊದಲ ಪುಟದಲ್ಲೇ ಕೆಂಪು ಎಚ್ಚರಿಕೆ ಕಾಣಬೇಕಿತ್ತು.

ಪಟ್ಟಿ ಖಾಲಿ ಮಾಡಿ, ವೈರಸ್ ಗುರುತಿಸುವ ಮಾಹಿತಿಯನ್ನು ಅಪ್‌ಡೇಟ್ ಮಾಡಿದ ಮೇಲೆ ಡಿಫೆಂಡರಿನ ಕೆಲಸ ನಿಜಕ್ಕೂ ಮೆಚ್ಚುವಂತಿತ್ತು. ಕ್ವಿಕ್ ಸ್ಕ್ಯಾನ್ ವೈರಸ್‌ಗಳು ಸಾಮಾನ್ಯವಾಗಿ ನೆಲೆಸುವ ಜಾಗಗಳನ್ನಷ್ಟೇ ನೋಡುತ್ತದೆ, ಆದರೂ ಆಕ್ಟಿವೇಟರ್, ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಿ ಕುಳಿತ ಸ್ಕ್ರಿಪ್ಟ್, ಅದರ ಪ್ರತಿಗಳು ಅಲ್ಲಿಯೇ ಸಿಕ್ಕವು. ಫುಲ್ ಸ್ಕ್ಯಾನ್ ಪ್ರತಿಯೊಂದು ಫೈಲನ್ನೂ ನೋಡುವುದರಿಂದ ಹಳೆಯ ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗುವುದು ಒಳ್ಳೆಯದು, ಕರೆಂಟ್ ಹೋಗುವ ಬಡಾವಣೆಯಾದರೆ ಯುಪಿಎಸ್ ಇಲ್ಲದೆ ಇದನ್ನು ಆರಂಭಿಸಬಾರದು.

ಇವೆರಡಕ್ಕಿಂತ ಹೆಚ್ಚು ಬೆಲೆಯುಳ್ಳದ್ದು 'ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್'. ಕೆಲವು ವೈರಸ್‌ಗಳು ವಿಂಡೋಸ್ ಓಡುತ್ತಿರುವಾಗ ಅದರೊಳಗೇ ಅಡಗಿ, ಸ್ಕ್ಯಾನ್ ಮಾಡುವ ತಂತ್ರಾಂಶಕ್ಕೆ ಸುಳ್ಳು ಮಾಹಿತಿ ಕೊಡಬಲ್ಲವು, ಅಳಿಸಿದ ಕೂಡಲೇ ಮತ್ತೆ ಹುಟ್ಟಿಕೊಳ್ಳಬಲ್ಲವು. ಆಫ್‌ಲೈನ್ ಸ್ಕ್ಯಾನ್ ಆರಿಸಿದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ಮಾಮೂಲಿ ವಿಂಡೋಸ್ ತೆರೆಯುವ ಬದಲು ದುರಸ್ತಿಗೆಂದೇ ಇರುವ ಪ್ರತ್ಯೇಕ ವಾತಾವರಣದಲ್ಲಿ ಸ್ಕ್ಯಾನ್ ನಡೆಯುತ್ತದೆ. ಆಗ ವೈರಸ್ ಓಡುತ್ತಿರುವುದಿಲ್ಲ. ಡಿಸ್ಕಿನ ಮೇಲೆ ನಿಶ್ಚಲವಾಗಿ ಬಿದ್ದಿರುವ ಫೈಲ್ ಮಾತ್ರವಾಗಿರುತ್ತದೆ. ಸುಮಾರು 15 ನಿಮಿಷಗಳ ಕೆಲಸ ಮುಗಿದ ಮೇಲೆ ಯಂತ್ರ ತಾನಾಗಿಯೇ ಮತ್ತೆ ಶುರುವಾಗುತ್ತದೆ, ಏನು ಸಿಕ್ಕಿತು ಎಂಬುದು 'ಪ್ರೊಟೆಕ್ಷನ್ ಹಿಸ್ಟರಿ'ಯಲ್ಲಿ ಕಾಣುತ್ತದೆ. ಹಿಂದೆ ಇದಕ್ಕಾಗಿ ಬೇರೆ ಕಂಪ್ಯೂಟರಿನಲ್ಲಿ ಬೂಟ್ ಆಗುವ ಸಿಡಿ ತಯಾರಿಸಬೇಕಾಗಿತ್ತು. ಈಗ ಒಂದು ಗುಂಡಿ ಒತ್ತಿದರೆ ಸಾಕು. ಮನೆಮಂದಿಗೆ ಇಷ್ಟು ಸುಲಭವಾಗಿ ಸಿಗುವ ಇಂತಹ ಸೌಲಭ್ಯವನ್ನು ನಮ್ಮ ಊರಿನಲ್ಲಿ ಬಳಸಿದವರು ಬಹಳ ಕಡಿಮೆ. ವೈರಸ್ ಎಂದು ನನ್ನನ್ನು ಕರೆಯುವ ಮನೆಗಳಲ್ಲಿ ನಾನು ಇದರ ಹೆಸರು ಹೇಳಿದಾಗ ಮೊದಲ ಸಲ ಕೇಳಿದವರೇ ಹೆಚ್ಚು.

ವೈರಸ್ ಹೊಕ್ಕ ಯಂತ್ರದಲ್ಲಿ ಡಿಫೆಂಡರ್ ತೆರೆಯುವುದಕ್ಕೇ ಬಾರದಂತಾಗಿದ್ದರೆ 'ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್' ಎಂಬ ಇನ್ನೊಂದು ಉಚಿತ ತಂತ್ರಾಂಶವನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ತಂದು ಓಡಿಸಬಹುದು. ಇಳಿಸಿಕೊಂಡ 10 ದಿನಗಳಿಗೆ ಅದರ ಅವಧಿ ಮುಗಿಯುತ್ತದೆ, ಹಾಗಾಗಿ ಪ್ರತಿ ಸಲ ಹೊಸದನ್ನೇ ತರಬೇಕು.

ಪೆನ್ ಡ್ರೈವ್ ವಿಷಯದಲ್ಲಿ ಡಿಫೆಂಡರ್ ಅರ್ಧ ಕೆಲಸವನ್ನಷ್ಟೇ ಮಾಡಿತು. ಪೆನ್ ಡ್ರೈವಿನ ಮೇಲೆ ಬಲಗುಂಡಿ ಒತ್ತಿ ಅದನ್ನು ಪ್ರತ್ಯೇಕವಾಗಿಯೇ ಸ್ಕ್ಯಾನ್ ಮಾಡಬೇಕು. ಫುಲ್ ಸ್ಕ್ಯಾನ್ ತಾನಾಗಿ ಅದನ್ನೂ ಸೇರಿಸಿಕೊಳ್ಳುತ್ತದೆ ಎಂದು ಭಾವಿಸಬಾರದು. ಹೀಗೆ ಮಾಡಿದಾಗ ಸ್ಕ್ರಿಪ್ಟ್ ಮತ್ತು ಸುಳ್ಳು ಶಾರ್ಟ್‌ಕಟ್‌ಗಳು ಹೋದವು. ಆದರೆ ಅಡಗಿಸಿಟ್ಟಿದ್ದ ನಿಜವಾದ ಫೋಲ್ಡರುಗಳು ಅಡಗಿಯೇ ಉಳಿದವು, ಪೆನ್ ಡ್ರೈವ್ ಖಾಲಿಯಾದಂತೆ ಕಂಡು ಅಕ್ಕ ಗಾಬರಿಯಾದರು. ಇಲ್ಲಿ ಗಾಬರಿಗೆ ಕಾರಣವಿಲ್ಲ. ಫೈಲುಗಳು ಅಲ್ಲಿಯೇ ಇರುತ್ತವೆ. ಫೋಲ್ಡರ್ ಆಪ್ಷನ್ಸ್‌ನ 'ವ್ಯೂ' ಭಾಗದಲ್ಲಿ ಅಡಗಿದ ಫೈಲುಗಳನ್ನು ತೋರಿಸುವಂತೆ ಮಾಡಿ, ಸಿಸ್ಟಂ ಫೈಲುಗಳನ್ನು ಮರೆಮಾಡುವ ಸಾಲಿನ ಟಿಕ್ಕನ್ನೂ ತೆಗೆದರೆ ಅವು ಮಸುಕಾಗಿ ಕಾಣುತ್ತವೆ. ವೈರಸ್ ಅವುಗಳಿಗೆ 'ಹಿಡನ್' ಜೊತೆಗೆ 'ಸಿಸ್ಟಂ' ಎಂಬ ಗುರುತನ್ನೂ ಹಾಕಿರುವುದರಿಂದ ಪ್ರಾಪರ್ಟೀಸ್‌ನಲ್ಲಿ ಟಿಕ್ ತೆಗೆಯಲು ಆಗುವುದಿಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ 'ಆಟ್ರಿಬ್' ಎಂಬ ಆದೇಶದಿಂದ ಎರಡೂ ಗುರುತುಗಳನ್ನು ಒಟ್ಟಿಗೆ ಅಳಿಸಬೇಕಾಗುತ್ತದೆ. ಬಹಳ ಜನ ಈ ಹಂತದಲ್ಲಿ ಎಲ್ಲವೂ ಹೋಯಿತೆಂದು ತಿಳಿದು ಪೆನ್ ಡ್ರೈವನ್ನೇ ಫಾರ್ಮ್ಯಾಟ್ ಮಾಡಿಬಿಡುತ್ತಾರೆ, ವೈರಸ್ ಮುಟ್ಟದೆ ಬಿಟ್ಟಿದ್ದ ಫೈಲುಗಳು ಆಗ ನಿಜವಾಗಿಯೂ ಹೋಗುತ್ತವೆ.

ಬ್ರೌಸರಿನ ವಿಷಯಕ್ಕೆ ಬಂದರೆ ಡಿಫೆಂಡರಿಗೆ ಕಡಿಮೆ ಅಂಕ ಕೊಡಬೇಕಾಗುತ್ತದೆ. ಪರದೆಯ ಮೂಲೆಯಲ್ಲಿ 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಇಲ್ಲಿ ಒತ್ತಿ' ಎಂದು ಪದೇ ಪದೇ ಏಳುತ್ತಿದ್ದ ಸೂಚನೆಗಳು ಎಲ್ಲ ಸ್ಕ್ಯಾನ್ ಮುಗಿದ ಮೇಲೂ ನಿಲ್ಲಲಿಲ್ಲ. ಅವು ವೈರಸ್ಸೇ ಅಲ್ಲದಿರುವುದು ಅದಕ್ಕೆ ಕಾರಣ; ಯಾವುದೋ ಜಾಲತಾಣ ನೋಟಿಫಿಕೇಶನ್‌ಗೆ ಅನುಮತಿ ಕೇಳಿದಾಗ ಮನೆಯಲ್ಲಿ ಯಾರೋ 'ಅಲೋ' ಒತ್ತಿದ್ದರು. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪಟ್ಟಿ ತೆರೆದು ಆ ತಾಣಗಳನ್ನು ತೆಗೆದರೆ ತೊಂದರೆ ಮುಗಿಯುತ್ತದೆ. ಹುಡುಕಾಟದ ಪುಟವನ್ನು ಬದಲಿಸಿದ್ದ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಸಣ್ಣ ತಂತ್ರಾಂಶ) ಒಂದನ್ನು ಕೂಡ ಕೈಯಿಂದಲೇ ತೆಗೆಯಬೇಕಾಯಿತು. ಕ್ರೋಮ್ ಒಳಗೇ ಇದ್ದ ಶುಚಿಗೊಳಿಸುವ ಸಾಧನವನ್ನು ಗೂಗಲ್ 2023ರಲ್ಲಿ ತೆಗೆದುಹಾಕಿರುವುದರಿಂದ ಇಂತಹ ಕಸಕ್ಕೆ ನಾನು 'ಆಡ್‌ಡಬ್ಲ್ಯೂಕ್ಲೀನರ್' ಬಳಸುತ್ತೇನೆ. 2016ರಿಂದ ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ ಒಡೆತನದಲ್ಲಿರುವ ಈ ಚಿಕ್ಕ ಉಚಿತ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡುವ ಅಗತ್ಯವೂ ಇಲ್ಲ. ಆದರೆ ಹೆಸರು ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿಗಳನ್ನು ಬಿಟ್ಟು ಸಂಸ್ಥೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು; ವೈರಸ್ ತೆಗೆಯುವ ತಂತ್ರಾಂಶದ ವೇಷದಲ್ಲಿಯೇ ವೈರಸ್ ಹಂಚುವವರಿದ್ದಾರೆ.

ನಮ್ಮ ದೇಶದ್ದೇ ಆದ ಒಂದು ವ್ಯವಸ್ಥೆಯನ್ನೂ ಇಲ್ಲಿ ನೆನೆಯಬೇಕು. ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಆರಂಭಿಸಿದ 'ಸೈಬರ್ ಸ್ವಚ್ಛತಾ ಕೇಂದ್ರ'ವನ್ನು ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಸರ್ಟ್-ಇನ್ ನಡೆಸುತ್ತದೆ. ದೂರದಿಂದ ಬೇರೆಯವರ ಆಜ್ಞೆಗೆ ಕುಣಿಯುವ ಬಾಟ್‌ಗಳನ್ನು ತೆಗೆಯುವ ತಂತ್ರಾಂಶಗಳು ಅದರ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಡಿಫೆಂಡರ್ ನಂತರ ಎರಡನೆಯ ಅಭಿಪ್ರಾಯ ಬೇಕೆನ್ನುವವರು ಅಲ್ಲಿ ಹೋಗಬಹುದು.

ಇನ್ನು ಅಂಗಡಿಯ ದಾರಿಯ ಜೊತೆ ಇದನ್ನು ಹೋಲಿಸಬೇಕು. ವೈರಸ್ ಎಂದು ಕಂಪ್ಯೂಟರ್ ಒಯ್ದರೆ ನಮ್ಮಲ್ಲಿ ಮೊದಲು ಬರುವ ಮಾತು, 'ಫಾರ್ಮ್ಯಾಟ್ ಹೊಡದ್ ಬಿಡ್ತೀನ್ರಿ ಅಕ್ಕಾರ, ಸಂಜೀಕ ಬಂದ್ ಒಯ್ರಿ'. ಕೆಲವು ನೂರು ರೂಪಾಯಿಗೆ ಯಂತ್ರ ಹೊಸದರಂತೆ ಓಡುತ್ತದೆ ಎಂಬುದು ನಿಜ. ಆದರೆ ಒಂದು ಶಾರ್ಟ್‌ಕಟ್ ವೈರಸಿಗೆ ಫಾರ್ಮ್ಯಾಟ್ ಮಾಡುವುದೆಂದರೆ ನೆಗಡಿ ಬಂದಿತೆಂದು ಮೂಗು ಕೊಯ್ದುಕೊಂಡಂತೆ. ಟ್ಯಾಲಿಯ ಡೇಟಾ ಫೋಲ್ಡರ್ ಸಿ ಡ್ರೈವಿನಲ್ಲಿದ್ದು ಯಾರೂ ಕೇಳದೆ ಇದ್ದರೆ ವರ್ಷದ ಲೆಕ್ಕವೇ ಹೋಗುತ್ತದೆ. ನುಡಿಯ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪ್ ಮಾಡಿದ ಕಡತಗಳು ಉಳಿದರೂ, ಫಾಂಟ್‌ಗಳು ಹೋದ ಮೇಲೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ; ವೈರಸ್ ಬರಹವನ್ನೆಲ್ಲ ಕೆಡಿಸಿತು ಎಂದು ತಿಳಿದು ಅವನ್ನು ಅಳಿಸಿದ ಮನೆಗಳನ್ನು ನಾನು ನೋಡಿದ್ದೇನೆ. ನುಡಿಯನ್ನು ಮತ್ತೆ ಹಾಕಿದರೆ ಅವು ಓದಲು ಬರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಫಾರ್ಮ್ಯಾಟ್ ಮಾಡಿದವರು ಮತ್ತೆ ಅದೇ ಕಳ್ಳ ವಿಂಡೋಸ್ ಮತ್ತು ಅದೇ ಆಕ್ಟಿವೇಟರ್ ಹಾಕಿ, ಅದೇ ಎಕ್ಸ್‌ಕ್ಲೂಷನ್ ಸೇರಿಸಿ ಕೊಡುವುದು. ಹಣ ಕೊಟ್ಟು ಮನೆಗೆ ತಂದದ್ದು ಶುದ್ಧವಾದ ಯಂತ್ರವಲ್ಲ, ಮೊದಲಿನ ರೋಗದ ಬೀಜವೇ ಇರುವ ಯಂತ್ರ.

ಎಲ್ಲ ಅಂಗಡಿಗಳೂ ಹೀಗೆಯೇ ಎಂದು ನಾನು ಹೇಳಲಾರೆ. ವಿದ್ಯಾಗಿರಿಯ ಕಡೆ ಒಬ್ಬ ಯುವಕರು ಹಾರ್ಡ್ ಡಿಸ್ಕನ್ನು ಬಿಚ್ಚಿ ತಮ್ಮ ಯಂತ್ರಕ್ಕೆ ಜೋಡಿಸಿ ಸ್ಕ್ಯಾನ್ ಮಾಡಿ, ಏನೇನು ಸಿಕ್ಕಿತೆಂದು ಹಾಳೆಯ ಮೇಲೆ ಬರೆದುಕೊಡುವುದನ್ನು ಕಂಡಿದ್ದೇನೆ. ಅಂತಹವರಿಗೆ ಕೊಡುವ ಹಣ ವ್ಯರ್ಥವಲ್ಲ. ಬ್ಯಾಕಪ್ ಯಾವ ಡಿಸ್ಕಿಗೆ ತೆಗೆಯುತ್ತೀರಿ, ಹಾಕುವ ವಿಂಡೋಸ್ ಅಸಲಿಯೇ, ಆಕ್ಟಿವೇಟರ್ ಬಳಸುತ್ತೀರಾ ಎಂಬ ಪ್ರಶ್ನೆಗಳನ್ನು ಕೇಳಿ. ಉತ್ತರ ಕೊಡಲು ಬೇಸರಪಡುವವರ ಹತ್ತಿರ ಯಂತ್ರ ಬಿಡಬೇಡಿ. ಫಾರ್ಮ್ಯಾಟ್ ನಿಜಕ್ಕೂ ಬೇಕಾಗುವ ಸಂದರ್ಭಗಳೂ ಇವೆ. ದೂರದಿಂದ ಯಂತ್ರವನ್ನು ಬೇರೊಬ್ಬರು ನಡೆಸಬಲ್ಲ ಟ್ರೋಜನ್ ಬಹಳ ದಿನ ಒಳಗಿದ್ದರೆ, ಆಫ್‌ಲೈನ್ ಸ್ಕ್ಯಾನ್ ಆದ ಮೇಲೂ ಅದೇ ಹೆಸರು ಮತ್ತೆ ಮತ್ತೆ ಕಂಡರೆ, ಡೇಟಾ ತೆಗೆದಿಟ್ಟುಕೊಂಡು ಹೊಸದಾಗಿ ಹಾಕುವುದೇ ಸರಿ. ಮೈಕ್ರೋಸಾಫ್ಟ್ ತಾಣದಿಂದ ಸಿಗುವ 'ಮೀಡಿಯಾ ಕ್ರಿಯೇಶನ್ ಟೂಲ್' ಮತ್ತು 8 ಜಿಬಿಯ ಒಂದು ಖಾಲಿ ಪೆನ್ ಡ್ರೈವ್ ಇದ್ದರೆ ಅಸಲಿ ವಿಂಡೋಸನ್ನು ಮನೆಯಲ್ಲೇ ಹಾಕಬಹುದು.

ಡಿಫೆಂಡರ್ ಮಾಡಲಾರದ ಕೆಲಸವೊಂದಿದೆ, ಅದರ ಬಗ್ಗೆ ಅದು ಒಂದು ಮಾತನ್ನೂ ಹೇಳುವುದಿಲ್ಲ. ಇಂದಿನ ಮಾಲ್‌ವೇರ್‌ಗಳಲ್ಲಿ ಬಹಳಷ್ಟು ಬರುವುದು ಕದಿಯುವುದಕ್ಕೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ, ಲಾಗಿನ್ ಆಗಿಯೇ ಉಳಿಯಲು ಬ್ರೌಸರ್ ಇಟ್ಟುಕೊಳ್ಳುವ ಕುಕೀಗಳನ್ನೂ ಅವು ಕೆಲವೇ ಕ್ಷಣಗಳಲ್ಲಿ ಹೊರಗೆ ಕಳುಹಿಸಿಬಿಡುತ್ತವೆ. ಆಮೇಲೆ ಡಿಫೆಂಡರ್ ಆ ಫೈಲನ್ನು ಹಿಡಿದು ಕ್ವಾರಂಟೈನ್ ಮಾಡಿದರೂ ಹೋದದ್ದು ಹೋದದ್ದೇ. ಆದ್ದರಿಂದ 'ಪ್ರೊಟೆಕ್ಷನ್ ಹಿಸ್ಟರಿ'ಯಲ್ಲಿ ಟ್ರೋಜನ್ ಅಥವಾ ಪಾಸ್‌ವರ್ಡ್ ಸ್ಟೀಲರ್ ಎಂಬ ಹೆಸರು ಕಂಡ ದಿನವೇ, ಮೊಬೈಲಿನಿಂದಲೋ ಬೇರೊಂದು ಯಂತ್ರದಿಂದಲೋ, ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಜಿಎಸ್‌ಟಿ ಮುಂತಾದವುಗಳ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಬೇಕು. ಇಮೇಲ್ ಮೊದಲು ಏಕೆಂದರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಅಲ್ಲಿಗೇ ಬರುತ್ತದೆ. ಅಕ್ಕನ ಮನೆಯಲ್ಲಿ ಸ್ಕ್ಯಾನಿಗಿಂತ ಹೆಚ್ಚು ಸಮಯ ಹಿಡಿದದ್ದು ಈ ಕೆಲಸವೇ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ರ‍್ಯಾನ್ಸಮ್‌ವೇರ್ ವಿಷಯದಲ್ಲೂ ಇದೇ ಮಿತಿ ಇದೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶವನ್ನು ಡಿಫೆಂಡರ್ ಅಳಿಸಬಲ್ಲದು, ಬಿದ್ದ ಬೀಗವನ್ನು ತೆಗೆಯಲಾರದು. ಹಾಗಾದಾಗ ಫೈಲುಗಳನ್ನು ಅಳಿಸದೆ ಹಾಗೆಯೇ ಇಟ್ಟುಕೊಂಡು, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಭದ್ರತಾ ಸಂಸ್ಥೆಗಳ ಜೊತೆಗೂಡಿ 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಬೀಗ ತೆಗೆಯುವ ಉಚಿತ ಸಾಧನ ಇದೆಯೇ ಎಂದು ನೋಡಬೇಕು. ಡಿಫೆಂಡರಿನಲ್ಲೇ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಎಂಬ ಒಳ್ಳೆಯ ತಡೆ ಇದೆ, ಆದರೆ ಅದು ಮೊದಲಿನಿಂದ ಆಫ್ ಆಗಿರುತ್ತದೆ. ನಾನು ಅದನ್ನು ಆನ್ ಮಾಡಿ ಟ್ಯಾಲಿಯ ಡೇಟಾ ಫೋಲ್ಡರನ್ನು ಸೇರಿಸಿದೆ. ಮೊದಲು ಟ್ಯಾಲಿಯನ್ನೂ ತಡೆಯಿತು, ಟ್ಯಾಲಿಗೆ ಅನುಮತಿ ಕೊಟ್ಟ ಮೇಲೆ ತೊಂದರೆಯಾಗಲಿಲ್ಲ.

ದುಡ್ಡು ಕೊಟ್ಟು ಆಂಟಿವೈರಸ್ ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಸಲಹೆ ಇಷ್ಟು. ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ. ಪ್ರತಿ ವರ್ಷ ಹಣ ಕಟ್ಟಿ ನವೀಕರಿಸುವವರಿಗೆ ಅದರಲ್ಲಿ ತೊಂದರೆ ಇಲ್ಲ. ನವೀಕರಿಸದವರು ಅವಧಿ ಮುಗಿದ ತಂತ್ರಾಂಶವನ್ನು ಪೂರ್ತಿ ತೆಗೆದುಹಾಕಿ, ಡಿಫೆಂಡರ್ ಮತ್ತೆ ಆನ್ ಆಗಿದೆಯೇ ಎಂದು ಕಣ್ಣಾರೆ ನೋಡಬೇಕು. ಅನುಮಾನವಿದ್ದರೆ ಆಂಟಿವೈರಸ್ ಸಂಶೋಧಕರ ಐಕಾರ್ ಸಂಸ್ಥೆ ಪರೀಕ್ಷೆಗೆಂದೇ ರೂಪಿಸಿರುವ 68 ಅಕ್ಷರಗಳ ನಿರಪಾಯಕಾರಿ ಫೈಲನ್ನು ಇಳಿಸಿ ನೋಡಬಹುದು. ರಕ್ಷಣೆ ಜಾಗೃತವಾಗಿದ್ದರೆ ಅದನ್ನು ಕೂಡಲೇ ಹಿಡಿಯುತ್ತದೆ.

ವಿಂಡೋಸ್ 10 ಬಳಸುವ ಮನೆಗಳು ಇನ್ನೊಂದನ್ನು ಗಮನಿಸಬೇಕು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿಗೆ ವೈರಸ್ ಗುರುತಿಸುವ ಮಾಹಿತಿ 2028ರ ಅಕ್ಟೋಬರ್‌ವರೆಗೆ ಬರುತ್ತದೆಂದು ಸಂಸ್ಥೆ ತಿಳಿಸಿದೆ. ಆದರೆ ವಿಂಡೋಸಿನಲ್ಲೇ ಇರುವ ಬಿರುಕುಗಳನ್ನು ಆ ಮಾಹಿತಿ ಮುಚ್ಚುವುದಿಲ್ಲ. ಅಕ್ಕನ ಮನೆಯ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಕಾರಣ ವಿಂಡೋಸ್ 11ನ್ನು ಅಧಿಕೃತವಾಗಿ ಹಾಕಲು ಬರುವುದಿಲ್ಲ. ಅದಕ್ಕಾಗಿ ವ್ಯಾಪಾರದ ಲೆಕ್ಕ ಮತ್ತು ಬ್ಯಾಂಕಿನ ಕೆಲಸವನ್ನು ಅಸಲಿ ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪಿಗೆ ಸಾಗಿಸಲು, ಹಳೆಯದನ್ನು ಲಿನಕ್ಸ್ ಹಾಕಿ ಮಕ್ಕಳ ಓದಿಗೆ ಬಿಡಲು ಅಕ್ಕನ ಯಜಮಾನರು ಒಪ್ಪಿದ್ದಾರೆ.